ಅಣುವಿನ ನೀರು, ಗಿರಿಜಾಳ ಕುರ್ಚಿ

ಮೂಡಲಗಿ

ಬೆಲ್ಲದ ವ್ಯಾಪಾರದವನು ಹೊರಗಿನ ಬಣ್ಣ ನೋಡಿ ಯಾವುದನ್ನೂ ನಂಬುವುದಿಲ್ಲ. ಪೆಂಟಿ, ಅಂದರೆ ಬೆಲ್ಲದ ಅಚ್ಚು, ಎಷ್ಟು ಹಳದಿಯಾಗಿ ಹೊಳೆಯುತ್ತದೋ ಅಷ್ಟು ಅನುಮಾನ. ಮೂಲೆ ಒಡೆದು, ಮೂಸಿ, ನಾಲಿಗೆಯ ಮೇಲಿಟ್ಟು ನೋಡಿದ ಮೇಲೆಯೇ ಮಾತು. ಮೂಡಲಗಿಯ ಪೇಟೆಯಲ್ಲಿ ಅಪ್ಪ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದಿದ್ದೇನೆ. ಈ ಚಟವನ್ನು ಅಂಗಡಿಯಲ್ಲೇ ಬಿಟ್ಟು ಬಾಗಿಲು ಹಾಕಿ ಬರಲು ಆಗುವುದಿಲ್ಲ. ಹಾಲು ತಂದವನನ್ನು, ಔಷಧ ಬರೆದ ಡಾಕ್ಟರನ್ನು, ಲಗ್ನಪತ್ರಿಕೆ ಕೊಡಲು ಬಂದ ಬೀಗರನ್ನು ಕೂಡ ನಾನು ಮನಸ್ಸಿನಲ್ಲೇ ಒಂದು ಸಲ ಮೂಲೆ ಒಡೆದು ನೋಡುತ್ತೇನೆ.

ಇಂಥವನು ಸರ್ಬಿಯಾ ಎಂಬ ದೇಶಕ್ಕೆ, ಅಣುವಿನ ನೀರಿನಲ್ಲಿ ತಂಗಿಯನ್ನು ಕೂರಿಸಲು ಹೋಗಿದ್ದೆ ಎಂದರೆ ನಮ್ಮ ಪೇಟೆಯಲ್ಲಿ ಈಗಲೂ ನಗುತ್ತಾರೆ.

ತಂಗಿ ಗಿರಿಜಾ ಘಟಪ್ರಭಾದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಮದುವೆ ಬೇಡವೆಂದವಳು, ನಮ್ಮ ಜೊತೆಗೇ ಇದ್ದಾಳೆ. ನರದ ಕಾಯಿಲೆ ಬಂದು ಕಾಲುಗಳು ಮೆಲ್ಲಗೆ ಅವಳ ಮಾತು ಕೇಳದಾದವು. ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಗಾಲಿಕುರ್ಚಿ ತೆಗೆದುಕೊಳ್ಳಿ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಗಿರಿಜಾ ಹೂಂ ಎಂದಳು. ನಾನು ಬಿಲ್‌ಕುಲ್ ಬೇಡ ಎಂದೆ. ಕುರ್ಚಿಯಲ್ಲಿ ಕೂತವಳು ಮತ್ತೆ ಏಳುವುದಿಲ್ಲ ಎಂಬುದು ನನ್ನ ಹೆದರಿಕೆ. ಹಾಗಾಗಿ ಮನೆಯೊಳಗೂ ಹೊರಗೂ ನಾನೊಂದು ರಟ್ಟೆ, ನನ್ನ ಹೆಂಡತಿ ಇನ್ನೊಂದು ರಟ್ಟೆ ಹಿಡಿದು ಅವಳನ್ನು ನಡೆಸುತ್ತಿದ್ದೆವು. ಇಬ್ಬರೂ ಬಿಡುವಾಗಿದ್ದಾಗ ಮಾತ್ರ ಅವಳು ಹೊರಗೆ ಹೋಗಬಹುದಿತ್ತು. ಹೊಲಿಗೆಯ ತರಗತಿ ನಿಂತುಹೋಯಿತು.

ಅಷ್ಟರಲ್ಲಿ ಹುಕ್ಕೇರಿ ಕಡೆಯ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದಿದ್ದ ಸರ್ಬಿಯಾದ ಎಂಜಿನಿಯರೊಬ್ಬ ನಮ್ಮ ಅಂಗಡಿಗೆ ಬೆಲ್ಲ ನೋಡಲು ಬಂದ. ಗಿರಿಜಾಳನ್ನು ಕಂಡು, ತಮ್ಮ ಕಡೆ ಚಾಚಕ್ ಎಂಬ ಊರಿನ ಹತ್ತಿರ ಒಂದು ಬಿಸಿನೀರಿನ ಹಳ್ಳಿಯಿದೆ, ಅದಕ್ಕೆ 'ಆಟಂಸ್ಕಾ ಬಾನ್ಯಾ', ಅಂದರೆ ಅಣುವಿನ ಸ್ನಾನದ ಊರು ಎನ್ನುತ್ತಾರೆ, ಆ ನೀರಿನಲ್ಲಿ ಅಣುವಿನ ಕಿರಣದ ಅಂಶವಿದೆಯಂತೆ, ನರದ ರೋಗಿಗಳು ಅಲ್ಲಿಗೇ ಹೋಗುತ್ತಾರೆ ಎಂದ. ಎಲ್ಲವನ್ನೂ ಅನುಮಾನಿಸುವ ನಾನು ಅದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಬೇಕಾದ ಮಾತು ಕಿವಿಗೆ ಬಿದ್ದರೆ ಜಾಣನೂ ದಡ್ಡನಾಗುತ್ತಾನೆ.

ಗಿರಿಜಾ ಒಂದು ಷರತ್ತು ಹಾಕಿದಳು. "ಆತು ಅಣ್ಣಾ, ಬರತೀನಿ. ಆದ್ರ ನಂದೊಂದು ಮಾತೈತಿ. ಆ ನೀರಿಗೆ ಕಾಲು ಬಂದ್ರ ಚಲೋ ಆತು. ಬರಲಿಲ್ಲಂದ್ರ ನಾ ಗಾಲಿ ಖುರ್ಚಿ ತರಸ್ತೀನಿ. ಆವಾಗ ನೀ ತುಟಿ ಪಿಟಕ್ ಅನಬಾರದು."

ನಾನು ಒಪ್ಪಿದೆ. ನೀರು ನನ್ನ ಕಡೆ ಇದೆ ಎಂದುಕೊಂಡಿದ್ದೆ.

ಚಾಚಕ್‌ನ ದಾರಿ

ಹೆಂಡತಿ ಅಂಗಡಿ ನೋಡಿಕೊಳ್ಳಲು ಊರಲ್ಲೇ ಉಳಿದಳು, ದಾರಿಯಲ್ಲಿ ಗಿರಿಜಾಳ ಇನ್ನೊಂದು ರಟ್ಟೆಗೆ ಸಿಕ್ಕವರನ್ನು ಕರೆಯುತ್ತಿದ್ದೆ. ಬೆಲ್‌ಗ್ರೇಡಿನಿಂದ ದಕ್ಷಿಣಕ್ಕೆ ಬಸ್ಸು ಹಿಡಿದೆವು. ಆ ದೇಶದಲ್ಲಿ ಎರಡು ಲಿಪಿ ನಡೆಯುತ್ತವೆ. ಒಂದು ಇಂಗ್ಲಿಷಿನಂಥದ್ದು, ಇನ್ನೊಂದು ರಷ್ಯಾದವರ ಲಿಪಿಯಂಥದ್ದು. ಬೋರ್ಡು ಓದಲು ಹೋದರೆ ನಾಲಿಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಆದರೆ 'ಆಟಂ' ಎಂಬ ಪದದ ಅಕ್ಷರಗಳು ಎರಡೂ ಲಿಪಿಯಲ್ಲಿ ಒಂದೇ ರೀತಿ ಕಾಣುತ್ತವೆ. ಹಾಗಾಗಿ ದಾರಿಯುದ್ದಕ್ಕೂ ನಾನು ಸರಾಗವಾಗಿ ಓದಿದ್ದು ಅದೊಂದನ್ನೇ. ಒಂದೂರಲ್ಲಿ ಆಟಂ ಎಂಬ ಕಾಫಿ ಅಂಗಡಿ, ಇನ್ನೊಂದೂರಲ್ಲಿ ಆಟಂ ಎಂಬ ಚಪ್ಪಲಿ ಅಂಗಡಿ. ಗೋರ್ನಿ ಮಿಲಾನೊವಾಟ್ಸ್ ಎಂಬ ಊರಿನ ಹೊರಗೆ ನಮ್ಮ ಬಸ್ಸು ಕೆಮ್ಮಿ ನಿಂತಾಗ ರಿಪೇರಿಗೆ ಬಂದವನ ಅಂಗಿಯ ಬೆನ್ನ ಮೇಲೂ ಆಟಂ ಎಂದೇ ಇತ್ತು.

ನನಗೆ ಗುಮಾನಿ ಬಂತು. "ಗಿರಿಜಾ, ಇವರೆಲ್ಲ ಒಬ್ಬನ ಕಡೆಯವರೇ ಅದಾರ. ಬಸ್ ಕೆಡಸವರೂ ಇವರ, ರಿಪೇರಿ ಮಾಡವರೂ ಇವರ."

"ನಮ್ಮೂರಾಗ ಕಿರಾಣಿ ಅಂಗಡಿಗೂ ಬಸವೇಶ್ವರ, ಖಾನಾವಳಿಗೂ ಬಸವೇಶ್ವರ, ಪಂಕ್ಚರ್ ತೆಗಿಯೋ ಅಂಗಡಿಗೂ ಬಸವೇಶ್ವರ," ಎಂದಳು ಗಿರಿಜಾ. "ಅವೆಲ್ಲಾ ಒಬ್ಬಂದ ಏನು?"

ಚಾಚಕ್‌ನಲ್ಲಿ ಯೆಲೆನಾ ಎಂಬ ಹೆಣ್ಣುಮಗಳು ನಮ್ಮನ್ನು ಎದುರುಗೊಂಡಳು. ಎಂಜಿನಿಯರನ ಪರಿಚಯದವಳು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಬಾನ್ಯಾದಲ್ಲಿ ನಾವು ಇಳಿದುಕೊಳ್ಳಬೇಕಿದ್ದುದು ಅವಳ ತಾಯಿಯ ಮನೆಯಲ್ಲೇ. ಶಾಲೆಗೆ ರಜೆ ಇದ್ದುದರಿಂದ ಅವಳೂ ನಮ್ಮ ಜೊತೆ ಅಲ್ಲೇ ಉಳಿದಳು, ಮುಂದೆ ನಡೆದ ಮಾತೆಲ್ಲ ಇವಳ ಇಂಗ್ಲಿಷಿನ ಮೂಲಕವೇ ನಮಗೆ ದಾಟಿದ್ದು. ತಾಯಿಗೆ ಒಯ್ಯಬೇಕಾದ ಉಪ್ಪಿನಲ್ಲಿ ಹಾಕಿದ ಎಲೆಕೋಸು ತರುತ್ತೇನೆಂದು ಅವಳು ತನ್ನ ಕಟ್ಟಡದ ನೆಲಮಾಳಿಗೆಗೆ ಇಳಿದಳು. ಅವಳ ಹಿಂದೆ ನಾನೂ ಇಳಿದೆ. ಗೋಡೆಯ ಮೇಲೆ ಬಾಣದ ಗುರುತು, ಒಂದಾಳು ತಳ್ಳಿದರೆ ಅಲುಗಾಡದ ಕಬ್ಬಿಣದ ಬಾಗಿಲು. ಇದೇನು ಎಂದೆ. "ಆಟಂ ಬಾಂಬು ಬಿದ್ದರೆ ಅಡಗಿಕೊಳ್ಳಲು ಹಿಂದಿನ ಸರ್ಕಾರ ಕಟ್ಟಿಸಿದ್ದು," ಎಂದು ಅವಳು ನಮ್ಮ ಕಡೆಯವರು ಕಾಳು ತುಂಬುವ ಹಗೇವು ತೋರಿಸಿದಷ್ಟು ಸಹಜವಾಗಿ ಹೇಳಿದಳು. ಒಳಗೆ ಸಾಲಾಗಿ ಕೋಸಿನ ಪೀಪಾಯಿ, ಕೆಂಪು ಮೆಣಸಿನಕಾಯಿಯ ಗಾಜಿನ ಭರಣಿ, ಚಕ್ರವಿಲ್ಲದ ಒಂದು ಸೈಕಲ್ಲು. ಬಾಂಬಿಗೆ ಹೆದರಿ ಕಟ್ಟಿದ ಕೋಣೆಯಲ್ಲಿ ಉಪ್ಪಿನಕಾಯಿ ಸುಖವಾಗಿತ್ತು.

ದೆಸಾಂಕಾಳ ಮನೆ

ಬಾನ್ಯಾ ಗುಡ್ಡದ ಮಡಿಲಿನ ಸಣ್ಣ ಹಳ್ಳಿ. ಯೆಲೆನಾಳ ತಾಯಿ ದೆಸಾಂಕಾ ಸ್ನಾನದ ಮನೆಯಲ್ಲಿ ರೋಗಿಗಳನ್ನು ನೀರಿಗಿಳಿಸುವ ಕೆಲಸ ಮಾಡುತ್ತಾಳೆ. ಗಟ್ಟಿ ಹೆಂಗಸು, ನಗು ಕಡಿಮೆ. ಬಾಗಿಲಲ್ಲೇ ಒಂದು ಬಟ್ಟಲು ಹಣ್ಣಿನ ಪಾಕ, ಒಂದು ಚಮಚ, ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದಳು. ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನ ಎಂದು ಕಲಿತು ಬೆಳೆದವನು ನಾನು. ಬಟ್ಟಲು ಪೂರ್ತಿ ಬಳಿದು ತಿಂದೆ. ಅವಳು ಹುಬ್ಬು ಗಂಟಿಕ್ಕಿ ಒಳಗೆ ಹೋಗಿ ಮತ್ತೆ ತುಂಬಿ ತಂದಳು. ಅದನ್ನೂ ತಿಂದೆ. ಮೂರನೆಯ ಸಲ ಬಟ್ಟಲು ಬಂದಾಗ ಯೆಲೆನಾ ತಡೆದಳು. ಅತಿಥಿ ಒಂದೇ ಚಮಚ ತಿಂದು, ಚಮಚವನ್ನು ನೀರಿನ ಲೋಟದಲ್ಲಿ ಇಡುವುದು ಅಲ್ಲಿನ ಪದ್ಧತಿಯಂತೆ. ಬಟ್ಟಲು ಬಂದವರಿಗೆಲ್ಲ ಸೇರಿ. ಗಿರಿಜಾ ಬಾಗಿಲಿಗೆ ಆತು ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಪ್ರತಿಯಾಗಿ ನಾವು ಗೋಕಾಕದ ಕರದಂಟಿನ ಡಬ್ಬಿ ಕೊಟ್ಟೆವು. ದೆಸಾಂಕಾ ಒಂದು ತುಂಡು ತೆಗೆದು ಬೆಳಕಿಗೆ ಹಿಡಿದಳು. ಮೂಲೆ ಮುರಿದಳು, ಮೂಸಿದಳು, ಒಂದು ಚೂರು ನಾಲಿಗೆಗೆ ತಾಗಿಸಿ ನನ್ನನ್ನೇ ನೋಡುತ್ತ ನಿಂತಳು. ಈಕೆ ನಮ್ಮ ಪೇಟೆಯಲ್ಲಿ ಹುಟ್ಟಬೇಕಿತ್ತು.

ಊಟಕ್ಕೆ ಮಾಂಸ ಬೇಡ ಎಂದಾಗ ಅವಳಿಗೆ ನಂಬಿಕೆಯಾಗಲಿಲ್ಲ. ಅವರಲ್ಲೂ ಉಪವಾಸದ ದಿನಗಳಿವೆ, ಆ ಊಟಕ್ಕೆ 'ಪೋಸ್ನೋ' ಎನ್ನುತ್ತಾರೆ, ಮಾಂಸ, ಹಾಲು, ತತ್ತಿ ಯಾವುದೂ ಇರುವುದಿಲ್ಲ ಎಂದು ಯೆಲೆನಾ ಹೇಳಿಕೊಟ್ಟಳು. ನಾನು ಧೈರ್ಯವಾಗಿ ಪೋಸ್ನೋ ಎಂದೆ. ಸಂಜೆ ತಟ್ಟೆಯಲ್ಲಿ ಇಡೀ ಮೀನೊಂದು ಕಣ್ಣು ಬಿಟ್ಟುಕೊಂಡು ಬಂತು. ಅವರ ಎಷ್ಟೋ ಉಪವಾಸಗಳಿಗೆ ಮೀನು ನಡೆಯುತ್ತದಂತೆ. ಅಂದಿನಿಂದ ಸೊಪ್ಪಿನ ಸಾರಿನ ತಳವನ್ನೂ ನಾನು ಚಮಚದಿಂದ ಕೆದಕಿ ನೋಡಿಯೇ ತಿಂದೆ.

ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ನಾನು ಕಿಟಕಿ ತೆಗೆದಿಟ್ಟು ಹೋದರೆ ಬರುವಷ್ಟರಲ್ಲಿ ಮುಚ್ಚಿರುತ್ತಿತ್ತು. ನಾವಿಲ್ಲದಾಗ ಯಾರೋ ಕೋಣೆಗೆ ಬರುತ್ತಿದ್ದಾರೆ, ಚೀಲ ನೋಡುತ್ತಿದ್ದಾರೆ ಎಂದು ನಾನು ಚೀಲದ ಬಾಯಿಗೆ ದಾರ ಕಟ್ಟಿಟ್ಟೆ. ದಾರ ಹಾಗೇ ಇತ್ತು, ಕಿಟಕಿ ಮಾತ್ರ ಮುಚ್ಚಿತ್ತು. ಕೇಳಿದಾಗ ಗೊತ್ತಾಯಿತು, ಮುಚ್ಚುತ್ತಿದ್ದವಳು ದೆಸಾಂಕಾ. ಬಾಗಿಲು ಕಿಟಕಿ ಎರಡೂ ತೆರೆದು ಗಾಳಿ ಹಾಯ್ದರೆ ಮನುಷ್ಯ ಸತ್ತೇಹೋಗುತ್ತಾನೆ ಎಂದು ಆ ದೇಶದ ದೊಡ್ಡವರು ಸಣ್ಣವರೆಲ್ಲ ನಂಬಿದ್ದಾರೆ. ಅಣುವಿನ ನೀರಿನಲ್ಲಿ ಕುತ್ತಿಗೆ ಮಟ್ಟ ಕೂರುವವರಿಗೆ ಗಾಳಿ ಎಂದರೆ ಭಯ.

ಕೊರಳಲ್ಲಿ ಏನೂ ಇರಬಾರದು

ಮೊದಲ ಸ್ನಾನದ ದಿನವೇ ತಕರಾರು ಎದ್ದಿತು. ಕೊಳಕ್ಕೆ ಇಳಿಯುವವರ ಕೊರಳಲ್ಲಿ ಸರ, ದಾರ, ತಾಯಿತ ಏನೂ ಇರಬಾರದು ಎಂಬುದು ಅಲ್ಲಿನ ನಿಯಮ. ಗಿರಿಜಾಳ ಕೊರಳಲ್ಲಿ ಲಿಂಗ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕಟ್ಟಿಕೊಂಡ ಇಷ್ಟಲಿಂಗ ನಮ್ಮವರ ಮೈಮೇಲಿನಿಂದ ಜೀವ ಇರುವವರೆಗೆ ಇಳಿಯುವುದಿಲ್ಲ. ದೆಸಾಂಕಾ ಕೈ ಚಾಚಿ, ತೆಗೆದು ಕೊಡು, ನಾನು ಕಪಾಟಿನಲ್ಲಿಡುತ್ತೇನೆ ಎಂದು ಸನ್ನೆ ಮಾಡಿದಳು.

"ಬೆಳ್ಳಿ ಮ್ಯಾಲೆ ಕಣ್ಣೈತಿ ಈಕಿಗೆ," ಎಂದೆ ನಾನು.

"ಅಣ್ಣಾ, ಸುಮ್ಕಿರು. ಬೆಳ್ಳಿ ಕೇಳಿದ್ರ ಕೊಟ್ಟಬಿಡ್ತಿದ್ನಿ. ಲಿಂಗ ಹೆಂಗ ಕೊಡ್ಲಿ?"

ಕೊಡದೆ ನೀರಿಗಿಳಿಯುವಂತಿಲ್ಲ, ಕೊಟ್ಟು ಇಳಿಯುವವಳು ಅವಳಲ್ಲ. ಅಷ್ಟು ದೂರ ಬಂದದ್ದು ನೀರಿನ ಅಂಚಿನಲ್ಲೇ ಮುಗಿಯಿತು ಎಂದುಕೊಂಡೆ. ಗಿರಿಜಾ ಬೆಂಚಿನ ಮೇಲೆ ಕೂತು, ಕೊರಳಿನ ದಾರ ಮೇಲಕ್ಕೆ ಸರಿಸಿದಳು. ಕರಡಿಗೆಯನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ವಸ್ತ್ರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ನಮ್ಮ ಹಿರಿಯರು ಲಿಂಗ ಧರಿಸಲು ಹೇಳಿದ ಜಾಗಗಳಲ್ಲಿ ತಲೆಯೂ ಒಂದು. ದಿನಾ ಪೂಜೆ ಮಾಡುವ ನನಗೆ ಅದು ನೆನಪಾಗಿರಲಿಲ್ಲ.

"ಕೊರಳು ಖಾಲಿ ಐತಿ, ನೋಡ್ರಿ ಬಾಯಾರ," ಎಂದಳು ದೆಸಾಂಕಾಳಿಗೆ, ಕನ್ನಡದಲ್ಲೇ.

ದೆಸಾಂಕಾ ಕೊರಳು ನೋಡಿದಳು, ತಲೆ ನೋಡಿದಳು, ನಿಯಮದ ಬೋರ್ಡು ನೋಡಿದಳು. ಬೋರ್ಡಿನಲ್ಲಿ ತಲೆಯ ವಿಚಾರ ಇರಲಿಲ್ಲ. ಗಿರಿಜಾಳ ರಟ್ಟೆ ಹಿಡಿದು ನೀರಿಗಿಳಿಸಿದಳು.

ನೀರು ಎದೆಮಟ್ಟ ಬಂದಾಗ ದೆಸಾಂಕಾ ಕೈ ಬಿಟ್ಟಳು. ಗಿರಿಜಾ ನಿಂತಳು. ಯಾರೂ ಹಿಡಿಯದೆ, ಯಾವುದಕ್ಕೂ ಆತುಕೊಳ್ಳದೆ ನಿಂತಳು. ಆಮೇಲೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ನಾನು ದಡದ ಬೆಂಚಿನ ಮೇಲೆ ಕೂತಿದ್ದೆ. ನನ್ನ ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳುವುದೂ ತಿಳಿಯಲಿಲ್ಲ. ಬಂತು ಕಾಲು ಎಂದುಕೊಂಡೆ. ಆ ದಿನ ಸಂಜೆ ಮನೆಗೆ ಫೋನು ಮಾಡಿ ಹೆಂಡತಿಗೆ ಹಾಗೆಯೇ ಹೇಳಿದೆ.

ರಾದೊವಾನನ ಗಡಿಯಾರ

ದೆಸಾಂಕಾಳ ಗಂಡ ರಾದೊವಾನ್ ಮುದುಕ. ಹಿಂದಿನ ಸರ್ಕಾರದ ಕಾಲದಲ್ಲಿ ಊರಿನ ರಕ್ಷಣಾ ದಳದಲ್ಲಿದ್ದವನು. ಪ್ಲಮ್ ಹಣ್ಣಿನಿಂದ ಮನೆಯಲ್ಲೇ ಸಾರಾಯಿ ಇಳಿಸುತ್ತಾನೆ, ಅದಕ್ಕೂ ಆಟಂ ಎಂದೇ ಕರೆಯುತ್ತಾನೆ. ನನಗೂ ಒಂದು ಗ್ಲಾಸು ಹಿಡಿದ. ನಾನು ಕೈಮುಗಿದೆ. ಕುಡಿಯದ ಗಂಡಸಿನ ಮೇಲೆ ಅವನಿಗೆ ಅಂದೇ ಸಂಶಯ ಹುಟ್ಟಿತು ಎಂದು ಆಮೇಲೆ ತಿಳಿಯಿತು.

ಒಂದು ಮುಂಜಾನೆ ನಾವಿಬ್ಬರೂ ಕೋಣೆಯಲ್ಲಿ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದೆವು. ಕಿಟಕಿ ಮುಚ್ಚಲು ಬಂದ ದೆಸಾಂಕಾ ಬಾಗಿಲಲ್ಲೇ ನಿಂತುಬಿಟ್ಟಳು. ಬೂದಿ ಹಚ್ಚಿಕೊಂಡ ಇಬ್ಬರು ಪರದೇಶಿಗಳು ಅಂಗೈಯಲ್ಲಿ ಕರಿ ಕಲ್ಲಿಟ್ಟುಕೊಂಡು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದಾರೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ರಾದೊವಾನ್, ಯೆಲೆನಾ, ದೆಸಾಂಕಾ ಮೂವರೂ ಬಂದರು.

ಯೆಲೆನಾ ಮುಜುಗರದಿಂದಲೇ ಹೇಳಿದಳು. ನೀರಿನ ಬುಗ್ಗೆಯ ಹತ್ತಿರದ ಕಲ್ಲಿನಲ್ಲೂ ಶಕ್ತಿಯಿದೆ ಎಂದು ಬಂದವರು ಕಳ್ಳತನದಿಂದ ಒಯ್ಯುತ್ತಾರಂತೆ, ಅದಕ್ಕೆ ಊರಿನವರು ಕಾವಲು ಇಟ್ಟಿದ್ದಾರಂತೆ. "ಈ ಕಲ್ಲುಗಳು ಎಲ್ಲಿಯವು ಎಂದು ಅಪ್ಪ ಕೇಳುತ್ತಿದ್ದಾನೆ. ಮೇಲಿನ ಕಪ್ಪು ಬಣ್ಣ ನೀವೇ ಬಳಿದದ್ದೇ ಎಂದೂ ಕೇಳುತ್ತಿದ್ದಾನೆ."

ನನಗೆ ಮೈ ಉರಿಯಿತು. ಅಷ್ಟರಲ್ಲಿ ರಾದೊವಾನ್ ಜೇಬಿನಿಂದ ಚಾಕು ತೆಗೆದು, ಮೇಲಿನ ಕಪ್ಪನ್ನು ಒಂಚೂರು ಕೆರೆದು ಒಳಗೆ ಏನಿದೆ ನೋಡೋಣ ಎಂದ. ನಾನು ಎದ್ದು ನಿಂತೆ. ಕಳ್ಳ ಎಂದದ್ದನ್ನಾದರೂ ನುಂಗಬಹುದು, ಲಿಂಗಕ್ಕೆ ಚಾಕು ತಾಗಿಸುತ್ತೇನೆ ಎನ್ನುವುದನ್ನು ಹೇಗೆ ನುಂಗುವುದು.

"ಕುಂದರು ಅಣ್ಣಾ," ಎಂದಳು ಗಿರಿಜಾ. "ನೀ ದಿನಾ ಮಂದಿ ಪೆಂಟಿ ಒಡದು ನೋಡತಿ. ಅವರಿಗೆ ಹೆಂಗ ಅನಸ್ತಿತ್ತು ಅಂತ ಒಂದಿನರ ಕೇಳೀಯೇನು?"

ಕೂತೆ.

ಗಿರಿಜಾ ಯೆಲೆನಾಳ ಕಡೆ ತಿರುಗಿ ತನಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಇದು ಬುಗ್ಗೆಯ ಕಲ್ಲಲ್ಲ, ಹುಟ್ಟಿದಾಗಿನಿಂದ ನನ್ನ ಮೈಮೇಲಿದೆ. ಕೆರೆಯಲು ಬಿಡುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ. ಆದರೆ ಸಂಶಯ ಇಟ್ಟುಕೊಳ್ಳಬೇಡಿ. ಮುಟ್ಟದೆ ನೋಡುವ ದಾರಿ ಏನಾದರೂ ಇದ್ದರೆ ನೋಡಿ, ನಾನು ಅಂಗೈಯಲ್ಲೇ ಹಿಡಿದಿರುತ್ತೇನೆ.

ಮುದುಕ ಹೋಗಿ ಹಸಿರು ಬಣ್ಣದ ಹಳೆಯ ಪೆಟ್ಟಿಗೆಯೊಂದನ್ನು ತಂದ. ಅಣುವಿನ ಕಿರಣ ಇದ್ದರೆ ಟಿಕ್ ಟಿಕ್ ಎನ್ನುವ ಯಂತ್ರ ಅದು, ರಕ್ಷಣಾ ದಳದ ಕಾಲದ್ದು. ಅದರ ಕಡ್ಡಿಯನ್ನು ಗೋಡೆಗೆ ಹಿಡಿದ. ಎಲ್ಲೋ ಒಂದು ಟಿಕ್. ಗಿರಿಜಾಳ ಅಂಗೈಯ ಹತ್ತಿರ ತಂದ. ಅಷ್ಟೇ, ಎಲ್ಲೋ ಒಂದು ಟಿಕ್. ಅವನಿಗೆ ಸಮಾಧಾನವಾಗಲಿಲ್ಲ, ಯಂತ್ರ ಕೆಟ್ಟಿರಬೇಕು ಎಂದು ಕಡ್ಡಿಯನ್ನು ಎಡಗೈಗೆ ಬದಲಿಸಿ ಬಲಗೈಯಿಂದ ಪೆಟ್ಟಿಗೆ ತಟ್ಟಿದ. ಯಂತ್ರ ಒಮ್ಮೆಲೇ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎಂದಿತು. ನಾವೆಲ್ಲ ಹೌಹಾರಿ ಹಿಂದೆ ಸರಿದೆವು. ರಾದೊವಾನ್ ಕಡ್ಡಿಯನ್ನು ಅತ್ತ ಇತ್ತ ಆಡಿಸಿದ. ಕೊನೆಗೆ ಸಿಡಿಯುತ್ತಿದ್ದುದು ಅವನದೇ ಕೈಗಡಿಯಾರದ ಹತ್ತಿರ ಎಂದು ಗೊತ್ತಾಯಿತು. ಕತ್ತಲಲ್ಲಿ ಹೊಳೆಯಲೆಂದು ಅದರ ಮುಳ್ಳುಗಳಿಗೆ ಹಚ್ಚಿದ್ದ ಹಳೆಯ ಕಾಲದ ಬಣ್ಣ ಅಂಥದ್ದಂತೆ. ಮದುವೆಯಲ್ಲಿ ಮಾವ ಕೊಟ್ಟದ್ದು, ಅಂದಿನಿಂದ ಕೈಯಿಂದ ಬಿಚ್ಚಿಲ್ಲ ಎಂದು ಯೆಲೆನಾ ಹೇಳಿದಳು.

ದೆಸಾಂಕಾ ಗಂಡನ ಕೈಯನ್ನೇ ನೋಡಿದಳು. ಅವಳು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಗಡಿಯಾರ ಬಿಚ್ಚು ಎಂದು ಕೈ ಚಾಚಿದಳು. ಮುದುಕ ಕೈಯನ್ನು ಎದೆಗೆ ಒತ್ತಿಕೊಂಡು ತಲೆಯಾಡಿಸಿದ. ಗಿರಿಜಾಳೂ ಅವನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಂದಿನಿಂದ ಮುಂಜಾನೆ ನಮ್ಮ ಪೂಜೆ ಮುಗಿಯುವ ತನಕ ಯಾರೂ ಕಿಟಕಿಗೆ ಬರಲಿಲ್ಲ.

ಡಾಕ್ಟರ ಕೋಣೆ

ದಿನಾ ನೀರಿನಲ್ಲಿ ಗಿರಿಜಾ ನಡೆಯುತ್ತಿದ್ದಳು. ದಿನಾ ಮೆಟ್ಟಿಲ ಹತ್ತಿರ ನೀರು ಕಡಿಮೆಯಾಗುತ್ತಿದ್ದಂತೆ ಕಾಲುಗಳು ಮಡಚಿಕೊಳ್ಳುತ್ತಿದ್ದವು, ದೆಸಾಂಕಾ ಮತ್ತೆ ರಟ್ಟೆ ಹಿಡಿಯುತ್ತಿದ್ದಳು. ನಾನು ಮೆಟ್ಟಿಲಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಬೆಲ್ಲ ಒಡೆದು ನೋಡುವವನು ಇದೊಂದನ್ನು ಹೊರಗಿನ ಬಣ್ಣ ನೋಡಿಯೇ ಒಪ್ಪಿಕೊಂಡಿದ್ದೆ.

ಕೊನೆಗೆ ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಕರೆಸಿದರು. ನಾನು, ಇನ್ನೂ ಸ್ವಲ್ಪ ದಿನ ಇದ್ದರೆ ನೆಲದ ಮೇಲೂ ನಡೆಯುತ್ತಾಳಲ್ಲವೇ ಎಂದೆ. ಆಕೆ ಯೆಲೆನಾಳ ಮೂಲಕ ಹೇಳಿದರು, "ಇಲ್ಲ. ನೋವು ಇಳಿಯಬಹುದು, ನಿದ್ದೆ ಚೆನ್ನಾಗಿ ಬರಬಹುದು. ಕಾಲಿಗೆ ಬಲ ಬರುವುದಿಲ್ಲ. ನೀರಿನಲ್ಲಿ ನಿಲ್ಲುವುದಕ್ಕೆ ಆಟಂ ಬೇಕಾಗಿಲ್ಲ. ನಿಮ್ಮೂರಿನ ಬಾವಿಯಲ್ಲಿ ಇಳಿಸಿದರೂ ನಿಲ್ಲುತ್ತಾರೆ. ನೀರು ಯಾರನ್ನಾದರೂ ಎತ್ತಿ ಹಿಡಿಯುತ್ತದೆ."

ತನ್ನ ಅಂಗಡಿಯ ಮಾಲನ್ನು ತಾನೇ ಹಳಿಯುವ ವ್ಯಾಪಾರಿಯನ್ನು ನಾನು ಎಂದೂ ನೋಡಿರಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ, ಬೇರೆ ದೇಶದವರೆಂದು ನಮ್ಮನ್ನು ಸಾಗಹಾಕುತ್ತಿದ್ದಾಳೆ ಎಂದೆಲ್ಲ ಹೊರಗೆ ಬಂದು ಗಿರಿಜಾಳ ಮುಂದೆ ಬಡಬಡಿಸಿದೆ. ಇನ್ನೊಂದು ಊರಿನ ನೀರು ನೋಡೋಣ ಎಂದೆ. ಗಿರಿಜಾ ನನ್ನ ಮಾತು ಮುಗಿಯುವ ತನಕ ಕಾದಳು.

"ಅಣ್ಣಾ, ನಂಗ ಮೊದಲ ದಿನಾನ ಗೊತ್ತಾಗಿತ್ತು. ನೀ ಅಳಾಕತ್ತಿದ್ದಿ, ಅದಕ್ಕ ಹೇಳಲಿಲ್ಲ."

"ಮತ್ತ ದಿನಾ ಯಾಕ ನೀರಿಗೆ ಇಳದಿ?"

"ಅಲ್ಲಿ ಯಾರೂ ನನ್ನ ಹಿಡಕೊಂಡಿರಲಿಲ್ಲ," ಎಂದಳು. "ನೀವು ಪ್ರೀತಿಲೇ ಹಿಡಿತೀರಿ, ನಂಗ ಗೊತ್ತೈತಿ. ಆದ್ರ ಬಚ್ಚಲಕ್ಕ ಹೋಗಾಕೂ ಇಬ್ಬರನ್ನ ಕರೀಬೇಕು. ನನ್ನ ಸಾಲಿ ಹುಡಿಗೇರು ಫೋನ್ ಮಾಡತಾವು, ಟೀಚರ್ ಯಾವಾಗ ಬರತೀರಿ ಅಂತ. ಏನು ಹೇಳ್ಲಿ? ನಮ್ಮ ಅಣ್ಣಗ ಪುರಸೊತ್ತಾದ ದಿನ ಬರತೀನಿ ಅಂತ ಹೇಳ್ಲೇನು? ನೀ ಮಾತು ಕೊಟ್ಟಿ ಅಣ್ಣಾ. ಊರು ಮುಟ್ಟೋ ಮಟಾ ಯಾಕ ಕಾಯಬೇಕು?"

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೂ ಸಮಾಧಾನ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮಾತು ಕೊಟ್ಟವನು ನಾನೇ, ಅದೂ ಗೆಲ್ಲುತ್ತೇನೆ ಎಂಬ ಗರ್ವದಿಂದ. ಎದ್ದು ಹೋಗಿ ದೆಸಾಂಕಾಳಿಗೆ ಕೈ ಸನ್ನೆಯಲ್ಲಿ ಗಾಲಿ ತೋರಿಸಿದೆ. ಹೇಳುವುದು ಅಷ್ಟು ಸುಲಭ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಳಿಜಾರು

ಸ್ನಾನದ ಮನೆಯಿಂದ ಒಂದು ಗಾಲಿಕುರ್ಚಿ ತಂದರು. ನಾನು ಅದರ ಸೀಟು ಒತ್ತಿ ನೋಡಿದೆ, ಗಾಲಿಯ ನಟ್ಟು ತಿರುಗಿಸಿ ನೋಡಿದೆ, ಬ್ರೇಕು ಹಾಕಿ ತೆಗೆದು ನೋಡಿದೆ. ರಾದೊವಾನ್ ಎಣ್ಣೆಯ ಡಬ್ಬಿ ತಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾನು ಬಿಟ್ಟ ನಟ್ಟುಗಳನ್ನು ನೋಡಿದ. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಕೂತಳು. ಗಾಲಿಯ ಬಳೆಗಳ ಮೇಲೆ ಎರಡೂ ಕೈ ಇಟ್ಟಳು. ಹೊಲಿಗೆ ಯಂತ್ರದ ಚಕ್ರ ತಿರುಗಿಸಿದ ಕೈಗಳು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಹಳ್ಳಿಯ ರಸ್ತೆ ತೊರೆಯ ಕಡೆಗೆ ಇಳಿಜಾರು. ಎರಡೂ ಕಡೆ ಪ್ಲಮ್ ಮರ, ಮನೆಗಳ ಮುಂದೆ ಮುದುಕರು. ನಾನು ಹಿಂದಿನ ಹಿಡಿ ಹಿಡಿದುಕೊಂಡಿದ್ದೆ.

"ಬಿಡು," ಎಂದಳು.

"ಇಳಿಜಾರೈತಿ, ಬಿದ್ದೀ."

"ಬಿದ್ರ ನಾ ಬೀಳತೀನಿ. ಬಿಡು."

ಬಿಟ್ಟೆ. ಕುರ್ಚಿ ಮೊದಲು ಮೆಲ್ಲಗೆ ಸರಿಯಿತು, ಆಮೇಲೆ ನನ್ನ ನಡಿಗೆಗಿಂತ ಜೋರಾಯಿತು. ಮುದುಕರು ತಲೆ ಎತ್ತಿ ನೋಡಿದರು. ನಾನು ಓಡಿದೆ. ಅವಳ ಕಾಲು ಸೋತ ದಿನದಿಂದ ನಾನು ಅವಳನ್ನು ಪಕ್ಕದಿಂದಲೇ ನೋಡಿದ್ದೆ, ಒಂದು ರಟ್ಟೆಯಷ್ಟು ದೂರದಿಂದ. ಈಗ ಅವಳ ಬೆನ್ನು ಕಾಣುತ್ತಿತ್ತು, ದೂರವಾಗುತ್ತಿತ್ತು, ಅಭ್ಯಾಸಬಲದಿಂದ ನನ್ನ ಕೈ ಇನ್ನೂ ಮುಂದಕ್ಕೇ ಚಾಚಿತ್ತು. ತೊರೆಯ ತಿರುವಿನಲ್ಲಿ ಅವಳು ಬ್ರೇಕು ಹಾಕಿ, ಕುರ್ಚಿ ತಿರುಗಿಸಿ, ಉಸಿರು ಬಿಡುತ್ತ ಬರುತ್ತಿದ್ದ ನನ್ನನ್ನು ನೋಡಿದಳು.

"ಸಾವಕಾಶ ಬಾ ಅಣ್ಣಾ," ಎಂದಳು. "ನಾ ಇಲ್ಲೇ ನಿಂತಿರತೀನಿ."